ದೊರೆಗೆ ಏನೂ ಆಗುವುದಿಲ್ಲ

ಆ ದಿನದ ಅನಾಹುತಕ್ಕೆಲ್ಲ ಕಾರಣ ಒಂದು ದವಡೆ ಹಲ್ಲು. ಅದು ಪಿಸುಮಾತಪ್ಪನದಲ್ಲವಾದ್ದರಿಂದ ಅವನು ಬೆಳಿಗ್ಗೆ ನೆಮ್ಮದಿಯಾಗಿಯೇ ಎದ್ದ.

ಪಿಸುಮಾತಪ್ಪ ನಾಟಕ ಕಂಪನಿಯ ಪ್ರಾಂಪ್ಟರ್. ರಂಗದ ಅಂಚಿನಲ್ಲಿ ನೆಲ ಕೊರೆದು ಮಾಡಿದ ಒಂದು ಗೂಡು. ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತು, ಮಾತು ಮರೆತ ನಟರಿಗೆ ಪಿಸುಗುಟ್ಟುವುದು ಅವನ ಕೆಲಸ. ಹೆತ್ತವರು ಇಟ್ಟ ಹೆಸರು ಹೆಂಡತಿಗೆ ಸಿಟ್ಟು ಬಂದಾಗ ಮಾತ್ರ ಹೊರಗೆ ಬರುತ್ತಿತ್ತು. ಮಧ್ಯಾಹ್ನದ ಆಟದ ಹೊತ್ತಿಗೆ ಮೇಲಿನ ಕಿಟಕಿಯಿಂದ ಬಿಸಿಲ ಕೋಲೊಂದು ಇಳಿದು, ಅದರೊಳಗೆ ಧೂಳಿನ ಕಣಗಳು ತೇಲುತ್ತಿದ್ದವು. ಅವನ್ನು ನೋಡುತ್ತ ನೋಡುತ್ತ ಪಿಸುಮಾತಪ್ಪನಿಗೆ ಅರ್ಧ ನಿದ್ದೆ, ಅರ್ಧ ಎಚ್ಚರ. ತುಟಿ ಮಾತ್ರ ತನ್ನ ಪಾಡಿಗೆ ತಾನು ಆಡುತ್ತಿತ್ತು.

ಕಂಪನಿ ಎಷ್ಟೋ ವರ್ಷದಿಂದ ಆಡುತ್ತಿದ್ದದ್ದು ಒಂದೇ ನಾಟಕ. ದೊರೆ ಯುದ್ಧ ಗೆದ್ದು ಬರುತ್ತಾನೆ. ಕಣಿ ಹೇಳುವ ಮುದುಕನೊಬ್ಬ ಎದುರಾಗಿ, ಒಡಹುಟ್ಟಿದ ತಮ್ಮನ ಕೈಯಲ್ಲೇ ನಿನಗೆ ಸಾವು ಅನ್ನುತ್ತಾನೆ. ಹೆದರಿದ ದೊರೆ, ಜೀವಕ್ಕೆ ಜೀವವಾದ ತಮ್ಮನನ್ನು ಗಡೀಪಾರು ಮಾಡುತ್ತಾನೆ. ಗಡ್ಡ ಬೆಳೆದು ಗುರುತು ಸಿಗದಂತಾದ ತಮ್ಮ ಒಂದು ದಿನ ಕತ್ತಲ ಸೇತುವೆಯ ಮೇಲೆ ದಾರಿ ಬಿಡದ ಯಾರನ್ನೋ ಇರಿಯುತ್ತಾನೆ. ಆ ಯಾರೋ ದೊರೆಯೇ.

ಪಿಸುಮಾತಪ್ಪನಿಗೆ ಈ ದೊರೆಯ ಮೇಲೆ ಎಲ್ಲಿಲ್ಲದ ಅಕ್ಕರೆ. ಒಮ್ಮೊಮ್ಮೆ ಕನಸಿನಲ್ಲಿ ದೊರೆ ಅವನ ಅಡುಗೆಮನೆಗೇ ಬಂದು, ಕಿರೀಟ ತೆಗೆದು ಪಕ್ಕಕ್ಕಿಟ್ಟು, ನೀರು ಕುಡಿದು, "ಹೋಗಿ ಬರಲಾ?" ಅನ್ನುತ್ತಿದ್ದ. ಸೇತುವೆ ಕಡೆ ಹೋಗಬೇಡಿ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ಕಣಿಯ ಮುದುಕ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ಸುಖವಾಗಿ ಇರುತ್ತಿದ್ದರಲ್ಲ ಎಂದು ಅವನು ಒಮ್ಮೆ ಬಣ್ಣ ಹಚ್ಚುವವನ ಹತ್ತಿರ ಹೇಳಿಕೊಂಡಿದ್ದ. "ಆಗ ನಮ್ಮ ಹೊಟ್ಟೆಪಾಡು?" ಎಂದು ಬಣ್ಣದವನು ಕೇಳಿದ್ದ.

ಅವತ್ತು ಪಿಸುಮಾತಪ್ಪ ಕಂಪನಿಗೆ ಬಂದಾಗ, ಕಣಿಯ ಮುದುಕನ ಪಾತ್ರ ಮಾಡುವವನು ಒಂದು ಕೆನ್ನೆ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದ. 'ಸಾವು' ಅನ್ನು ಎಂದರೆ ಅವನ ಬಾಯಿಂದ 'ಹಾವು' ಬರುತ್ತಿತ್ತು. ಕಂಪನಿಯ ಯಜಮಾನರು ಹಣೆ ಒತ್ತಿಕೊಂಡರು. ಆಮೇಲೆ ಅವರ ಕಣ್ಣು ಪಿಸುಮಾತಪ್ಪನ ಮೇಲೆ ಬಿತ್ತು.

"ನಿನಗೆ ಎಲ್ಲರ ಮಾತೂ ಬಾಯಿಪಾಠ. ಇವತ್ತು ನೀನೇ ಕಣಿ ಹೇಳು," ಎಂದರು.

ತಾನು ರಂಗದ ಮೇಲೆ ಯಾವತ್ತೂ ಹತ್ತಿದವನಲ್ಲ, ಅದೂ ಇವತ್ತು ಹೆಂಡತಿ ಮತ್ತು ಅತ್ತೆ ಆಟಕ್ಕೆ ಬರುತ್ತಿದ್ದಾರೆ ಎಂದು ಪಿಸುಮಾತಪ್ಪ ಗೋಗರೆದ. ಅತ್ತೆ ಎರಡು ದಿನಕ್ಕೆಂದು ಬಂದಿದ್ದರು, ಸಂಜೆಯ ಗಾಡಿಗೆ ಹೊರಡುವವರಿದ್ದರು. ಆದರೆ ಹಾಗೆಂದ ಕೂಡಲೇ ಎಲ್ಲರಿಗೂ ಹುರುಪು ಬಂತು. ಅಳಿಯನ ಪ್ರತಾಪ ಅತ್ತೆ ನೋಡದೆ ಇನ್ಯಾರು ನೋಡಬೇಕು ಎಂದು ಬಣ್ಣದವನು ಗಡ್ಡ ಅಂಟಿಸಿದ. ರಾಣಿಯ ಪಾತ್ರದವಳು ಬಂದು, ಕಣ್ಣು ಮೇಲಕ್ಕೆ ಹೊರಳಿಸಿ ಮಾತಾಡಿ ಎಂದಳು. ತಮ್ಮನ ಪಾತ್ರದವನು, ಬೇಡ, ಕಣ್ಣು ಮುಚ್ಚಿಕೊಂಡು ಮಾತಾಡಿ ಎಂದ. ಎರಡನ್ನೂ ಒಟ್ಟಿಗೆ ಅಭ್ಯಾಸ ಮಾಡಿ ಪಿಸುಮಾತಪ್ಪನಿಗೆ ತಲೆ ಸುತ್ತು ಬಂತು. ಇತ್ತ ಯಜಮಾನರು ಪ್ರಾಂಪ್ಟರ್ ಗೂಡಿಗೆ ತಾವೇ ಇಳಿದರು. ಅವರದು ಭಾರಿ ಶರೀರ. ಬಾಟಲಿಗೆ ಬಿರಡೆ ಜಡಿದ ಹಾಗೆ ಅಲ್ಲೇ ಸಿಕ್ಕಿಕೊಂಡರು.

ಪರದೆ ಎದ್ದಿತು. ಪಿಸುಮಾತಪ್ಪ ಕೋಲೂರಿಕೊಂಡು ಬೆಳಕಿನೊಳಕ್ಕೆ ನಡೆದ. ಎದುರಿಗೆ ದೊರೆ.

ಗೂಡಿನಲ್ಲಿ ಕೂತವನಿಗೆ ಇಷ್ಟು ವರ್ಷ ಕಾಣಿಸಿದ್ದು ದೊರೆಯ ಪಾದಗಳು, ಹೆಚ್ಚೆಂದರೆ ಮೊಣಕಾಲು. ಮುಖವನ್ನು ಎದುರೆದುರಾಗಿ ನೋಡಿದ್ದು ಇದೇ ಮೊದಲು. ಯುದ್ಧದಿಂದ ಬಳಲಿ ಬಂದ ಮುಖ. ಮನೆ ಸೇರಿದರೆ ಸಾಕು ಎನ್ನುವ ಕಣ್ಣು. ಧೂಳಿನ ಕಣಗಳು ಆ ಕಿರೀಟದ ಸುತ್ತ ನಿಧಾನವಾಗಿ ಸುತ್ತುತ್ತಿದ್ದವು. ಇದು ಆಟವೋ ತನ್ನ ಕನಸೋ ಎಂಬುದು ಪಿಸುಮಾತಪ್ಪನಿಗೆ ಗೊತ್ತಾಗದೆ ಹೋಯಿತು.

"ಹೇಳು ಮುದುಕಾ," ಎಂದ ದೊರೆ, "ನನ್ನ ಮುಂದಿನ ದಿನಗಳು ಹೇಗಿವೆ?"

ಗೂಡಿನಿಂದ ಯಜಮಾನರು, ನಿನ್ನ ಸಾವು ನಿನ್ನ ತಮ್ಮನ ಕೈಯಲ್ಲಿದೆ, ನಿನ್ನ ಸಾವು ನಿನ್ನ ತಮ್ಮನ ಕೈಯಲ್ಲಿದೆ ಎಂದು ಪಿಸುಗುಟ್ಟುತ್ತಿದ್ದರು. ಇಂಥ ಮುಖಕ್ಕೆ ಅದನ್ನು ಹೇಗೆ ತಾನೇ ಹೇಳುವುದು?

"ಏನೂ ಆಗಲ್ಲ ದೊರೆ," ಎಂದ ಪಿಸುಮಾತಪ್ಪ. "ನೆಮ್ಮದಿಯಾಗಿ ಮನೆಗೆ ಹೋಗಿ. ಊಟ ಮಾಡಿ, ಹಾಯಾಗಿ ಮಲಗಿ."

ಎಷ್ಟೋ ವರ್ಷದ ಭಾರ ಇಳಿಸಿದವನಂತೆ ಅವನು ಹಗುರವಾಗಿ ಒಳಗೆ ನಡೆದುಬಿಟ್ಟ. ಯಜಮಾನರು ಗೂಡಿನಿಂದ ಎದ್ದು ಅವನನ್ನು ಹಿಡಿಯಲು ನೋಡಿದರು. ಬಿರಡೆ ಅಲುಗಲಿಲ್ಲ.

ದೊರೆಯ ಪಾತ್ರದವರು ಪಳಗಿದ ನಟರು. ಆದರೆ ಅಭ್ಯಾಸಬಲ ದೊಡ್ಡದು. "ಅಯ್ಯೋ ವಿಧಿಯೇ," ಎಂದು ಎದೆ ಬಡಿದುಕೊಂಡೇಬಿಟ್ಟರು. ಆಮೇಲೆ ಎಚ್ಚೆತ್ತು, "ನೀನು ಎಷ್ಟು ಕರುಣಾಳು," ಎಂದು ಸೇರಿಸಿದರು.

ಅಲ್ಲಿಂದ ನಾಟಕ ಹಳಿ ತಪ್ಪಿದ ಬಂಡಿಯಾಯಿತು. ತಮ್ಮ ಓಡಿ ಬಂದು ಕಾಲಿಗೆ ಬಿದ್ದು, ತಾನು ಮಾಡಿದ ತಪ್ಪೇನು ಎಂದು ಅತ್ತ. ಏನೂ ಇಲ್ಲಪ್ಪ, ಎದ್ದೇಳು ಎಂದರು ದೊರೆ. ಅವನನ್ನು ಎಳೆದೊಯ್ಯಲು ಬಂದ ಸೈನಿಕರು ಮುಖ ಮುಖ ನೋಡಿಕೊಂಡು, ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ, ಒಂದು ಕುರ್ಚಿಯನ್ನು ಎಳೆದುಕೊಂಡು ಹೋದರು. ಅಣ್ಣತಮ್ಮಂದಿರು ಹವಾಮಾನದ ಬಗ್ಗೆ ಮಾತಾಡಿದರು. ದೊರೆ ಅರ್ಧ ರಾಜ್ಯ ಕೊಟ್ಟರು, ತಮ್ಮ ತೆಗೆದುಕೊಂಡ. ಎಷ್ಟು ಕೊಟ್ಟರೂ ಹೊತ್ತು ಹೋಗದು.

ನೇಪಥ್ಯದಲ್ಲಿ ನಿಂತ ಪಿಸುಮಾತಪ್ಪನಿಗೆ ಮಾತ್ರ ಕಣ್ಣು ತುಂಬಿ ಬಂದಿತ್ತು. ದೊರೆ ನಗುವುದನ್ನು ಅವನು ಇದುವರೆಗೂ ಕಂಡಿರಲಿಲ್ಲ.

ದೊರೆ ಒಂದು ನೆಪ ಮಾಡಿ ತಮ್ಮನನ್ನು ಬದಿಗೆ ಕರೆದು, ಹಲ್ಲು ಕಚ್ಚಿ ಹೇಳಿದರು: "ಜನ ಬರೋದೇ ನನ್ನ ಸಾವು ನೋಡೋಕೆ. ನಾನು ಸಾಯದೆ ಮನೆಗೆ ಹೋಗೋನಲ್ಲ. ಹೇಗಾದ್ರೂ ಕೊಲ್ಲು ಮಾರಾಯ."

"ಯಾಕೆ ಅಂತ ಕೊಲ್ಲಲಿ? ಈಗ ತಾನೇ ಅರ್ಧ ರಾಜ್ಯ ಕೊಟ್ಟಿದ್ದೀರಿ."

"ಹಾಗಾದ್ರೆ ಪ್ರೀತಿಯಿಂದ ಅಪ್ಪಿಕೋ. ಮಿಕ್ಕಿದ್ದು ನಾನು ನೋಡ್ಕೋತೀನಿ."

ತಮ್ಮ ತೋಳು ಚಾಚಿ ಬಂದ. ಅವನ ಸೊಂಟದಲ್ಲಿ ಕಠಾರಿ ಒರೆಯಿಲ್ಲದೆಯೇ ಇತ್ತು. ದೊರೆ ಅದರ ಮೇಲೆ ಮೈಯೊಡ್ಡಿ ಅಪ್ಪಿಕೊಂಡರು, ನರಳಿದರು, ಕುಸಿದರು. ತಮ್ಮನ ತೊಡೆಯ ಮೇಲೆ ತಲೆಯಿಟ್ಟು, ದೊರೆ ಒಳಗಿದ್ದ ಪಿಸುಮಾತಪ್ಪನ ಕಡೆ ಬೆರಳು ಚಾಚಿದರು.

"ಆ ಮುದುಕನಿಗೆ ಎಲ್ಲ ಗೊತ್ತಿತ್ತು," ಎಂದರು. "ಒಂದು ಮಾತು ಹೇಳಿದ್ದರೆ ಈ ಅಪ್ಪುಗೆಯಿಂದ ದೂರ ಇರುತ್ತಿದ್ದೆ. ನಂಬಿದ ನನ್ನನ್ನು ನಗುನಗುತ್ತಾ ಕಳಿಸಿಬಿಟ್ಟ."

ಹೀಗೆ ಹೇಳಿ ಸತ್ತರು. ಸಭೆಯಲ್ಲಿ ಬಿಕ್ಕಳಿಕೆ ಎದ್ದಿತು. ಆಮೇಲೆ ಎಲ್ಲೋ ಹಿಂದಿನ ಸಾಲಿನಿಂದ, "ಎಲ್ಲಿ ಆ ಸುಳ್ಳುಗಾರ?" ಎಂಬ ದನಿ. ನಮಸ್ಕರಿಸಲು ಹೊರಬಂದ ಪಿಸುಮಾತಪ್ಪನ ಗಡ್ಡಕ್ಕೆ ಯಾರದೋ ಚಪ್ಪಲಿ ಬಂದು ತಗುಲಿತು.

ಸೈನಿಕರೆಲ್ಲ ಸೇರಿ ಯಜಮಾನರನ್ನು ಗೂಡಿನಿಂದ ಕಿತ್ತರು. ಪಿಸುಮಾತಪ್ಪ ಕೈಕಟ್ಟಿ ನಿಂತು, ತಪ್ಪಾಯಿತು, ನಾಳೆಯಿಂದ ಗೂಡಿನಲ್ಲೇ ಬಿದ್ದಿರುತ್ತೇನೆ ಎಂದ. ಯಜಮಾನರು ಅವನನ್ನು ತಬ್ಬಿಕೊಂಡರು.

"ಗೂಡಿಗೆ ಬೇರೆಯವರನ್ನ ನೋಡ್ತೀನಿ. ಇನ್ಮೇಲೆ ಇದೇ ನಾಟಕ, ದಿನಾ ನೀನೇ ಕಣಿ."

"ನನ್ನ ಕೈಲಾಗಲ್ಲ ಯಜಮಾನ್ರೇ. ಅವರನ್ನ ಉಳಿಸೋಣ ಅಂತ ತಾನೇ ನಾನು ಹಾಗಂದಿದ್ದು."

"ನಿಜ ಹೇಳಿದ್ರೂ ಸಾಯ್ತಾನೆ, ಸುಳ್ಳು ಹೇಳಿದ್ರೂ ಸಾಯ್ತಾನೆ. ಸುಳ್ಳು ಹೇಳಿದ್ರೆ ಜನ ಜಾಸ್ತಿ ಅಳ್ತಾರೆ."

ಇದುವರೆಗೆ ದೊರೆಯ ಸಾವನ್ನು ಕಣ್ಣಲ್ಲಿ ನೋಡಿದ್ದನಷ್ಟೆ. ಇನ್ನು ದಿನವೂ ತನ್ನ ಬಾಯಿಂದಲೇ ಕೊಲ್ಲಬೇಕು. ಪಿಸುಮಾತಪ್ಪ ನಿದ್ದೆಯಲ್ಲಿ ನಡೆಯುವವನಂತೆ ಹೊರಗೆ ಬಂದ. ಹೆಂಡತಿ ಮುಖ ತಿರುಗಿಸಿಕೊಂಡು ಮುಂದೆ ಹೋದಳು. ಅತ್ತೆ ಮೂಗು ಒರೆಸಿಕೊಳ್ಳುತ್ತ, ಸಂಜೆಯ ಗಾಡಿಗೆ ಹೊತ್ತಾಯಿತೆಂದು ಮೆಟ್ಟಿಲ ಕಡೆ ನಡೆದರು. ಗುಡಿಸುವವಳು ಆಗತಾನೇ ನೀರು ಸುರಿದು ಮೆಟ್ಟಿಲು ತೊಳೆದಿದ್ದಳು.

"ಅತ್ತೆ, ಮೆಟ್ಟಿಲು ಒದ್ದೆಯಿದೆ, ಜಾರುತ್ತೆ," ಎಂದ ಪಿಸುಮಾತಪ್ಪ.

ಅತ್ತೆ ತಿರುಗಿ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಇಂಥವರ ಮಾತನ್ನು ನಂಬಿದವರ ಗತಿ ಏನಾಯಿತೆಂದು ಈಗ ತಾನೇ ನೋಡಿಕೊಂಡು ಬಂದಿದ್ದೇನೆ ಎಂದು, ಸೆಟೆದು ಕಾಲಿಟ್ಟರು.

ಕೆಳಗಿನ ಮೆಟ್ಟಿಲಿನಲ್ಲಿ ಕೂತು, ಊದುತ್ತಿದ್ದ ಪಾದ ಹಿಡಿದುಕೊಂಡು ಅವರು ನರಳಿದರು. ಇದು ವಾಸಿಯಾಗುವವರೆಗೆ ಅಮ್ಮ ನಮ್ಮ ಮನೆಯಲ್ಲೇ ಇರಬೇಕಾಗುತ್ತದೆ ಎಂದಳು ಹೆಂಡತಿ. ಪಿಸುಮಾತಪ್ಪ ಇಳಿದು ಹೋಗಿ ಅತ್ತೆಯನ್ನು ಎತ್ತಲು ಬಾಗಿದ.

ಅತ್ತೆ ಅವನ ಹೆಗಲಿಗೆ ಕೈಹಾಕಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು: "ಅಳಿಯಂದಿರೇ, ಇನ್ನೊಂದು ಸಲ ಗಟ್ಟಿಯಾಗಿ ಹೇಳೋಕೆ ನಿಮಗೇನಾಗಿತ್ತು?"