ಗೋಡೆಯ ಮೇಲಿನ ಹೆಡ್‌ಮೇಷ್ಟ್ರು

ಮುಖ ನೋಡಿಯೇ ಕಳ್ಳನನ್ನು ಹಿಡಿಯುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಂಬಿದ್ದ ಕಾಲವದು. ಹಾಲಿನವನು ಬಂದರೆ ಮೊದಲು ಅವನ ಮುಖ ನೋಡುತ್ತಿದ್ದೆ, ಆಮೇಲೆ ಹಾಲು. ಬಳೆಗಾರ ಬಂದರೆ ಮೊದಲು ಅವನ ಕಣ್ಣು, ಆಮೇಲೆ ಬಳೆ. ಈಗ ಮೊಮ್ಮಗಳು ಫೋನಿನಲ್ಲಿ ಟೈಪು ಮಾಡುವುದನ್ನು ಕಲಿಸಿದ್ದಾಳೆ. ನಾನು ಅರ್ಧ ಪದ ಒತ್ತುವಷ್ಟರಲ್ಲಿ ಉಳಿದರ್ಧವನ್ನು ಅದೇ ತೋರಿಸುತ್ತದೆ. ನನ್ನ ಮನಸ್ಸಿನಲ್ಲಿದ್ದದ್ದು ಇದಕ್ಕೆ ಹೇಗೆ ಗೊತ್ತಾಯಿತು? ಇದರ ಮೇಲೂ ಒಂದು ಕಣ್ಣಿಟ್ಟಿದ್ದೇನೆ!

ಅರವತ್ತರ ದಶಕದ ಮಾತು. ಆಗ ನಾವು ಚಿಂತಾಮಣಿಯಲ್ಲಿದ್ದೆವು. ನಮ್ಮ ಯಜಮಾನರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಮಗ ಸೀನ ಮಿಡ್ಲ್ ಸ್ಕೂಲಿನಲ್ಲಿ ಓದುತ್ತಿದ್ದ. ಒಂದು ದಿನ ಊಟದ ಹೊತ್ತಿಗೆ ಮೊದಲೇ ಚೀಲದ ಸಮೇತ ಬಂದು ಬಾಗಿಲಲ್ಲಿ ನಿಂತ.

"ಹೆಡ್‌ಮೇಷ್ಟ್ರು ಅಪ್ಪನ್ನ ಕರ್ಕೊಂಡು ಬಾ ಅಂದ್ರಮ್ಮ. ಇಲ್ದಿದ್ರೆ ಹೆಸರು ಹೊಡ್ದಾಕಿ ಟಿ.ಸಿ. ಕೊಡ್ತಾರಂತೆ."

ವಿಷಯ ಇಷ್ಟು. ಇನ್‌ಸ್ಪೆಕ್ಟರು ಬರುತ್ತಾರೆಂದು ಶಾಲೆಯ ಗೋಡೆಗೆ ಸುಣ್ಣ ಹೊಡೆಸಿದ್ದರು. ಆ ಬಿಳಿ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಹೆಡ್‌ಮೇಷ್ಟ್ರ ಚಿತ್ರ ಬರೆದಿದ್ದರು. ಎಲ್ಲರ ಕೈಯನ್ನೂ ತಪಾಸಣೆ ಮಾಡಿದಾಗ ಸೀನನ ಬೆರಳು ಕರ್ರಗಿತ್ತು. ಅಲ್ಲಿಗೆ ವಿಚಾರಣೆ ಮುಕ್ತಾಯ!

ಪರೀಕ್ಷೆ ಎದುರಿಗಿತ್ತು. ಗೋಡೆ ಕೆಡಿಸಿದವನೆಂದು ಟಿ.ಸಿ. ಕೊಟ್ಟರೆ ಯಾವ ಶಾಲೆಯವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹುಡುಗನ ಓದು ಅಲ್ಲಿಗೇ ನಿಂತ ಹಾಗೆ.

"ನೀನು ಬರ್ದೆಯೇನೋ?" ಎಂದೆ, ಮುಖವನ್ನೇ ದಿಟ್ಟಿಸುತ್ತಾ.

"ನಾನು ಹೆಡ್‌ಮೇಷ್ಟ್ರನ್ನ ಬರ್ದಿಲ್ಲಮ್ಮ."

ಸತ್ಯ! ಅಪ್ಪಟ ಸತ್ಯ! ನನ್ನ ವಿದ್ಯೆ ಹೇಳಿತು.

ಯಜಮಾನರು ಊಟಕ್ಕೆ ಬಂದರು. "ಸಂಜೆ ನಾನೋಗಿ ತಪ್ಪಾಯ್ತು ಅಂತೀನಿ ಬಿಡೇ. ಹಸು ಒದೀವಾಗ ಹಿಂದೆ ನಿಂತ್ಕೊಂಡು ನ್ಯಾಯ ಕೇಳ್ಬಾರ್ದು."

"ತಪ್ಪಾಯ್ತು ಅಂದ್ರೆ ತಪ್ಪು ಒಪ್ಕೊಂಡಂಗೇ ತಾನೇ? ನಾನೇ ಹೋಗ್ತೀನಿ!"

ಸೀನ ಬಿಳಿಚಿಕೊಂಡ. "ಬ್ಯಾಡಮ್ಮ, ಅಪ್ಪನೇ ಬರ್ಲಿ. ನೀನು ಆ ಗೋಡೆ ನೋಡ್ಬ್ಯಾಡ."

ಎಂಥ ಮಗ! ತಾಯಿ ಬಿಸಿಲಿಗೆ ಬರಬಾರದಂತೆ!

ಶಾಲೆಗೆ ಹೋಗುವ ಮೊದಲು ನಿಜವಾದ ಅಪರಾಧಿಯನ್ನು ಹಿಡಿಯುವುದು ನನ್ನ ಕರ್ತವ್ಯವಾಗಿತ್ತು. ದೂರ ಹೋಗಬೇಕಾಗಿರಲಿಲ್ಲ. ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮನವರ ಗೋಪಿ ಸೀನನ ತರಗತಿಯವನೇ. ಜಗಲಿಯ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದ.

"ಕೈ ತೋರ್ಸೋ."

ತೋರಿಸಿದ. ಒಂದು ಚುಕ್ಕೆ ಕಪ್ಪಿಲ್ಲ.

"ನೋಡಿದ್ರಾ!" ಎಂದು ಅವನ ತಾಯಿಯನ್ನು ಕೂಗಿದೆ. "ಗಂಡುಹುಡುಗನ ಕೈ ಇಷ್ಟು ಚೊಕ್ಕಟವಾಗಿರುತ್ತಾ? ತೊಳ್ಕೊಂಡಿದಾನೆ! ಯಾಕೆ ತೊಳ್ಕೊಂಡ?"

"ಏಮಕ್ಕಾ ಇದು! ನಿಮ್ಮ ಮಗನ ಕೈ ಮಸಿಯಾಗಿದ್ರೆ ಪಾಪದವ್ನು, ನಮ್ಮ ಗೋಪಿ ಕೈ ತೊಳ್ಕೊಂಡ್ರೆ ಕಳ್ಳನಾ?" ಎಂದು ತೆಲುಗು ಮನೆಮಾತಿನ ವೆಂಕಟಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. "ನಡೀರಿ, ನಾನೂ ಬರ್ತೀನಿ. ಆ ಗೋಡೇನೇ ನೋಡಣ!"

ಹೀಗೆ ನಾನು, ನನ್ನ ಎದುರಾಳಿ, ನಮ್ಮಿಬ್ಬರ ಹಿಂದೆ ಕಾಲೆಳೆಯುತ್ತಾ ಸೀನ, ಅವನ ಹಿಂದೆ ಕಡಲೆಕಾಯಿ ತಿನ್ನುತ್ತಾ ಗೋಪಿ, ಮೆರವಣಿಗೆಯಲ್ಲಿ ಶಾಲೆಗೆ ಚಿತ್ತೈಸಿದೆವು. ಮೇಷ್ಟ್ರುಗಳು ಹೊರಗೆ ಬಂದರು. ಅವರ ಹಿಂದೆ ತರಗತಿಗಳೂ ಬಂದವು.

ಹೆಡ್‌ಮೇಷ್ಟ್ರು ಹಳೆಯ ಕಾಲದವರು. ಕಚ್ಚೆಪಂಚೆ, ಕರಿ ಕೋಟು, ಹಿಂದೆ ಗಂಟು ಹಾಕಿದ ಜುಟ್ಟು. ಕಂಕುಳಲ್ಲಿ ಬೆತ್ತ.

"ಇದು ಸರ್ಕಾರಿ ಗೋಡೆ," ಎಂದು ಆರಂಭಿಸಿದರು. "ಇದನ್ನು ವಿರೂಪಗೊಳಿಸಿದವರಿಗೆ ಕ್ಷಮೆಯೇ ಇಲ್ಲ. ಜುಟ್ಟು ನೋಡಿ. ಎತ್ತಿದ ಬೆತ್ತ ನೋಡಿ. ಆ ಬಾಯಿ ನೋಡಿ! ನಾನೇನು ಹೀಗಿದ್ದೇನಾ?"

ನಾನು ದೂರದಿಂದಲೇ ನೋಡಿದೆ. ಗಂಟು ಜುಟ್ಟು, ಸೊಂಟದ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ಕೋಲು, ಬಾವಿಯಷ್ಟು ಬಾಯಿ.

"ಅಚ್ಚು ಹೊಡ್ದಂಗೆ ನೀವೇ ಸಾರ್!" ಎಂದೆ.

ಹೆಡ್‌ಮೇಷ್ಟ್ರ ಮುಖ ಕೆಂಪಾಯಿತು. ನಾನು ಬಿಡಲಿಲ್ಲ. "ಅದಕ್ಕೇ ಹೇಳ್ತಿರೋದು. ನಮ್ಮ ಸೀನನಿಗೆ ಇಷ್ಟು ಚೆನ್ನಾಗಿ ಬರೆಯಕ್ಕೆ ಬರಲ್ಲ. ಮಸಿ ಬೆರಳು ನೋಡಿ ಹೆಸರು ಹೊಡ್ದಾಕದು ಯಾವೂರ ನ್ಯಾಯ? ಇದ್ದಿಲಲ್ಲಿ ಹಲ್ಲುಜ್ಜದ ಮನೆ ಈ ಊರಲ್ಲಿದ್ಯಾ? ಸಾಕ್ಷಿ ಕೊಡಿ!"

ಆ ಮಾತಿಗೆ ಒಬ್ಬ ಎಳೆಯ ಮೇಷ್ಟ್ರು ತಲೆಯಾಡಿಸಿದ್ದನ್ನು ಕಂಡೆ. ಉತ್ಸಾಹ ಉಕ್ಕಿತು. ಅಲ್ಲಿಗೇ ನಿಲ್ಲಿಸಿದ್ದರೆ ಗೆದ್ದು ಮನೆಗೆ ಬರುತ್ತಿದ್ದೆ. ನಿಲ್ಲಿಸಿದರೆ ನಾನು ನಾನಾಗಿರುತ್ತಿದ್ದೆನೇ? ಗೀಟು ಗೀಟನ್ನೂ ಪರೀಕ್ಷಿಸಿ ಗೋಪಿಯ ಕೈವಾಡವನ್ನು ಬಯಲು ಮಾಡುತ್ತೇನೆಂದು ಗೋಡೆಯ ಹತ್ತಿರಕ್ಕೇ ಹೋದೆ.

ಮೊದಲು ಕೋಲನ್ನು ನೋಡಿದೆ. ಬೆತ್ತ ಅಷ್ಟು ದಪ್ಪ ಇರುವುದಿಲ್ಲ. ಅದು ಮುದ್ದೆ ತಿರುವುವ ಕೋಲು. ಕಾಲಿನ ಹತ್ತಿರ ಒಂದು ಮಡಕೆಯೂ ಇತ್ತು. ಆಮೇಲೆ ಮೂಗು. ಮೂಗಿನ ಮೇಲೆ ದೊಡ್ಡದಾಗಿ ಒಂದು ಮೂಗುಬಟ್ಟು.

ಹೆಡ್‌ಮೇಷ್ಟ್ರು ಮೂಗುಬಟ್ಟು ಇಡುತ್ತಿರಲಿಲ್ಲ.

ನಾನು ಇಡುತ್ತಿದ್ದೆ.

ತಿರುಗಿ ಸೀನನನ್ನು ನೋಡಿದೆ. ಅವನು ಆಕಾಶ ನೋಡುತ್ತಿದ್ದ. "ನಾನು ಹೆಡ್‌ಮೇಷ್ಟ್ರನ್ನ ಬರ್ದಿಲ್ಲ." ಎಷ್ಟು ನಿಜ ಹೇಳಿದ್ದ ಪಾಪಿ!

"ಮಾತು ಸಾಕು," ಎಂದರು ಹೆಡ್‌ಮೇಷ್ಟ್ರು. "ಹಾಜರಿ ಪುಸ್ತಕ ತನ್ನಿ. ಹೆಸರು ಹೊಡೆದುಬಿಡುತ್ತೇನೆ."

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತದೆ, ಮಗನ ಓದು ಹೋಗುತ್ತದೆ. ಬಾಯಿ ಬಿಟ್ಟರೆ ಹೆಡ್‌ಮೇಷ್ಟ್ರ ಸಿಟ್ಟು ಇಳಿದು ಓದು ಉಳಿಯುತ್ತದೆ. ಆದರೆ ಪಕ್ಕದಲ್ಲಿ ನಿಂತಿರುವುದು ಯಾರು? ವೆಂಕಟಲಕ್ಷ್ಮಮ್ಮ! ಸಂಜೆಯೊಳಗೆ ಸುದ್ದಿ ಪಕ್ಕದ ಊರು ಕೈವಾರವನ್ನೂ ಮುಟ್ಟುತ್ತದೆ. ಆಗಲೇ ಹೆಡ್‌ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

"ಸಾರ್, ಇದು ನೀವಲ್ಲ."

"ಮತ್ತೆ ಯಾರು?"

"ನಾನು."

ಹೆಡ್‌ಮೇಷ್ಟ್ರು ಕನ್ನಡಕದ ಮೇಲಿನಿಂದ ನನ್ನನ್ನು ಅಳೆದರು. "ಮಗನನ್ನು ಉಳಿಸಿಕೊಳ್ಳಲು ತಾಯಂದಿರು ಏನು ಬೇಕಾದರೂ ಹೇಳುತ್ತಾರೆ. ಈಗ ತಾನೇ ಅಚ್ಚು ಹೊಡೆದಂತೆ ನಾನೇ ಅಂದಿರಿ. ಸಾಕ್ಷಿ ಕೊಡಿ!"

ನನ್ನ ಮಾತೇ ನನಗೆ ಬಡಿಯಿತು. ಬೇರೆ ದಾರಿ ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಚಿತ್ರದ ಪಕ್ಕದಲ್ಲಿ ನಿಂತೆ. ಒಂದು ಕೈಯನ್ನು ಸೊಂಟಕ್ಕೆ ಇಟ್ಟೆ. ಹೆಡ್‌ಮೇಷ್ಟ್ರು ತಮ್ಮ ಬೆತ್ತವನ್ನು ನನಗೆ ಕೊಟ್ಟರು. ಅದನ್ನು ಎತ್ತಿ ಹಿಡಿದೆ.

"ಬಾಯಿ ತೆಗ್ದಿಲ್ಲ ಸಾರ್," ಎಂದ ಗೋಪಿ. ದ್ರೋಹಿ!

ಬಾಯಿ ತೆಗೆದೆ. ಸುಮ್ಮನೆ ತೆಗೆದು ಅಭ್ಯಾಸವಿರಲಿಲ್ಲ. "ಲೋ ಸೀನಾ!" ಎಂಬ ಕೂಗು ತಾನಾಗಿಯೇ ಹೊರಟಿತು.

ಮುಂದಿನ ಸಾಲಿನ ಹುಡುಗರು ಒಟ್ಟಿಗೆ ಹಿಂದಕ್ಕೆ ನೆಗೆದರು. ಚಿಕ್ಕ ಮಗುವೊಂದು ಅಳತೊಡಗಿತು. ಎಳೆಯ ಮೇಷ್ಟ್ರು ಕಂಬ ಹಿಡಿದುಕೊಂಡರು.

"ಅಚ್ಚಂ ಮೀರೇ ಅಕ್ಕಾ! ಥೇಟ್ ನೀವೇ!" ಎಂದು ವೆಂಕಟಲಕ್ಷ್ಮಮ್ಮ ಚಪ್ಪಾಳೆ ತಟ್ಟಿದರು. "ನಾನು ಸಾಕ್ಷಿ ಸಾರ್! ಗೋಡೆ ಆಚೆಯಿಂದ ದಿನಾ ಕೇಳ್ತೀನಲ್ಲ! ಅಕ್ಕಾ, ನಮ್ಮ ಗೋಪಿ ಕೈ ಇನ್ನೊಂದು ಸಲ ನೋಡ್ತೀರಾ?"

ಹೆಡ್‌ಮೇಷ್ಟ್ರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. ಜುಟ್ಟು ಸವರಿಕೊಂಡು ನಕ್ಕೇಬಿಟ್ಟರು. "ಹುಡುಗನಿಗೆ ಕೈಚಳಕ ಇದೆಯಮ್ಮ! ಎರಡೇ ಗೀಟಿನಲ್ಲಿ ಹಿಡಿದುಬಿಟ್ಟಿದ್ದಾನೆ."

ನೋಡಿ ಈ ನ್ಯಾಯ! ಬೆಳಿಗ್ಗೆ ಕ್ಷಮೆಯೇ ಇಲ್ಲದ ಘೋರ ಅಪರಾಧ. ಮಧ್ಯಾಹ್ನ ಅದೇ ಗೋಡೆ, ಅದೇ ಇದ್ದಿಲು, ಕೈಚಳಕ! ಕೆಟ್ಟಿದ್ದು ಗೋಡೆಯೋ, ಜುಟ್ಟೋ? ಕೇಳಬೇಕೆನಿಸಿತು. ಆದರೆ ಹೆಡ್‌ಮೇಷ್ಟ್ರು ಟಿ.ಸಿ. ಮಾತನ್ನು ಕೈಬಿಟ್ಟಿದ್ದರಲ್ಲ, ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡೆ. ಶಾಲೆ ಬಿಟ್ಟ ಮೇಲೆ ಸೀನನೇ ಗೋಡೆಗೆ ಸುಣ್ಣ ಹೊಡೆಯಬೇಕು ಎಂದು ತೀರ್ಪಾಯಿತು. ಅದು ನ್ಯಾಯವೇ. ಒಪ್ಪಿದೆ.

ಸಂಜೆ ಯಜಮಾನರು ಸುಣ್ಣ ಹೊಡೆಯುವ ಮೊದಲೇ ನೋಡಿಬರುತ್ತೇನೆಂದು ಓಡಿದರು. ಬಂದು ಗಂಭೀರವಾಗಿ ಕುಳಿತರು.

"ಒಂದು ತಪ್ಪು ಮಾಡಿದಾನೆ ಕಣೇ."

"ಏನು?" ಎಂದೆ ಆಸೆಯಿಂದ.

"ಮೂಗುಬಟ್ಟು ಎಡಗಡೆಗೆ ಹಾಕಿದಾನೆ. ಮಿಕ್ಕಿದ್ದೆಲ್ಲಾ ಸರಿಯಾಗಿದೆ."

ಸೀನ ಸುಣ್ಣವೇನೋ ಹೊಡೆದ. ಒಣಗಿದ ಮೇಲೆ ನೋಡಿದರೆ ಸೊಂಟದ ಮೇಲಿನ ಕೈ, ಕೋಲು, ಬಾಯಿ ಎಲ್ಲವೂ ಒಳಗಿನಿಂದ ಮಸುಕಾಗಿ ಇಣುಕುತ್ತಿದ್ದವು. ಸುಣ್ಣಕ್ಕೆ ನೀರು ಹೆಚ್ಚು ಬೆರೆಸಿದ್ದು ಸೀನನೋ, ಹೆಡ್‌ಮೇಷ್ಟ್ರೋ? ನನ್ನ ಅನುಮಾನ ಇಂದಿಗೂ ತೀರಿಲ್ಲ. ಯಾಕೆಂದರೆ ಮಾರನೆಯ ವಾರದಿಂದ ಆ ಶಾಲೆಯಲ್ಲಿ ಹೊಸ ಶಿಸ್ತು ಜಾರಿಗೆ ಬಂತು. ತಂಟೆ ಮಾಡಿದ ಹುಡುಗರನ್ನು ಹೊಡೆಯುತ್ತಿರಲಿಲ್ಲ. "ಹೋಗು, ಸೀನನ ಅಮ್ಮನ ಎದುರಿಗೆ ನಿಂತ್ಕೋ" ಎಂದು ಗೋಡೆಯ ಕಡೆಗೆ ಕಳಿಸುತ್ತಿದ್ದರು. ಎಂಥ ತುಂಟನೂ ತೆಪ್ಪಗಾಗುತ್ತಿದ್ದನಂತೆ.

ಆ ವರ್ಷವೆಲ್ಲಾ ಬೆತ್ತಕ್ಕೆ ರಜಾ. ಅದರ ಕೆಲಸ ನನಗೆ. ಸಂಬಳವಿಲ್ಲ!