ದಿಂಬಿನ ಬೆನ್ನುನೋವು

ಡ್ರೈವಿಂಗ್ ಕಲಿಸುವ ಮೇಷ್ಟ್ರ ಸಂಸಾರ ಇಷ್ಟು ವರ್ಷ ಸುಸೂತ್ರವಾಗಿ ನಡೆದದ್ದು ಬೇರೊಬ್ಬನ ಸೋಮಾರಿತನದ ದಯೆಯಿಂದ. ಆ ಬೇರೊಬ್ಬ ಅವರ ಬಾಲ್ಯದ ಗೆಳೆಯ. ಶಾಲೆಯಲ್ಲೇ ಅವನಿಗೆ ‘ದಿಂಬು’ ಎಂಬ ಬಿರುದು ಬಂದಿತ್ತು. ಇಟ್ಟಲ್ಲೇ ಇರುವ ಪ್ರಾಣಿ. ತನ್ನ ಪುಸ್ತಕದ ಚೀಲವನ್ನೂ ಮೇಷ್ಟ್ರ ಹೆಗಲಿಗೆ ತಗುಲಿಸಿ ಕೈಬೀಸಿಕೊಂಡು ಮನೆಗೆ ಹೋಗುತ್ತಿದ್ದವನು. ದೊಡ್ಡವನಾದ ಮೇಲೆ ಪರದೇಶಕ್ಕೆ ಹೋಗಿ, ಕಟ್ಟಿಸುವ ಹಲ್ಲು ತಯಾರಿಸುವ ಕೆಲಸಕ್ಕೆ ಸೇರಿ, ಮದುವೆಯಾಗಿ, ಅಲ್ಲೇ ನೆಲೆನಿಂತ. ಅವನು ಹೋದರೂ ಅವನ ಕೀರ್ತಿ ಮಾತ್ರ ಮೇಷ್ಟ್ರ ಮನೆಯಲ್ಲೇ ಉಳಿಯಿತು.

“ಉಂಡ ತಟ್ಟೆನಾದ್ರೂ ಎತ್ತಿಡಬಾರ್ದಾ?” ಎಂದು ಹೆಂಡತಿ ಕೇಳಿದರೆ ಮೇಷ್ಟ್ರು ನಿಟ್ಟುಸಿರು ಬಿಡುತ್ತಿದ್ದರು.

“ನಾನಾದ್ರೂ ತಟ್ಟೆ ಇರೋ ಕಡೆ ನಡ್ಕೊಂಡು ಬರ್ತೀನಿ ಕಣೆ. ಆ ದಿಂಬಿನ ಮನೇಲಿ ತಟ್ಟೆನೇ ಅವನಿರೋ ಕಡೆ ಹೋಗ್ಬೇಕು. ಪಾಪ, ಆ ಹೆಣ್ಣುಮಗಳು ಏನು ಕರ್ಮ ಮಾಡಿದ್ಲೋ!”

ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದ ಹೆಂಡತಿ, ಕಂಡರಿಯದ ಆ ಹೆಣ್ಣುಮಗಳನ್ನು ನೆನೆದು, ‘ಸದ್ಯ, ನನ್ನದು ಅಷ್ಟು ಕೆಟ್ಟಿಲ್ಲ’ ಎಂದುಕೊಂಡು ತಾನೇ ತಟ್ಟೆ ಎತ್ತುತ್ತಿದ್ದಳು. (ಮೇಷ್ಟ್ರದು ಉದ್ಯೋಗದಿಂದಲೇ ಬಂದ ಸ್ವಭಾವ. ಓಡಿಸುವವರು ಬೇರೆಯವರು, ಇವರು ಪಕ್ಕದಲ್ಲಿ ಕುಳಿತು “ನಿಧಾನ, ನಿಧಾನ” ಎನ್ನುವವರು. ಮನೆಯಲ್ಲೂ ಅಷ್ಟೆ; ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಒಲೆಯನ್ನು ಯಾವಾಗ ಸಣ್ಣ ಮಾಡಬೇಕೆಂದು ಹೇಳುತ್ತಿದ್ದರು.)

ಆ ಚಳಿಗಾಲದಲ್ಲಿ ದಿಂಬು ಫೋನು ಮಾಡಿದ. “ಎಷ್ಟು ವರ್ಷ ಆಯ್ತೋ ನಿನ್ನ ಮುಖ ನೋಡಿ! ಶನಿವಾರ, ಭಾನುವಾರ ಇಬ್ರೂ ಬಂದು ಹೋಗಿ. ಹಿಮ ಬೀಳ್ತಿದೆ, ನೋಡೋಕೆ ಚೆಂದ.”

ಹೆಂಡತಿಗೆ ಹಿಮಕ್ಕಿಂತ ದಿಂಬಿನ ಹೆಂಡತಿಯ ಚಿಂತೆ. “ಹೋಗೋಣ ರೀ. ಎರಡು ದಿನ ಆ ತಾಯಿಗೆ ಕೈ ಜೋಡಿಸಿ ಬರೋಣ,” ಎಂದಳು. ಮೇಷ್ಟ್ರಿಗೂ ಅದೇ ಬೇಕಿತ್ತು. ಇಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ಇವಳು ಒಮ್ಮೆ ಕಣ್ಣಾರೆ ಕಂಡುಬಿಟ್ಟರೆ, ತಟ್ಟೆಯ ಪ್ರಶ್ನೆ ಈ ಜನ್ಮಕ್ಕೆ ಇತ್ಯರ್ಥವಾದಂತೆ! ಅವರೇ ಮುಂದಾಗಿ ವಿಮಾನದ ಟಿಕೆಟ್ ಕಾದಿರಿಸಿದರು.

ಶುಕ್ರವಾರ ಸಂಜೆ ಅಲ್ಲಿ ಇಳಿದಾಗ, ಮೂಗು ಇದೆಯೋ ಉದುರಿತೋ ಎಂದು ಮುಟ್ಟಿ ನೋಡಿಕೊಳ್ಳಬೇಕಾದಂಥ ಚಳಿ. ದಿಂಬಿನ ಹೆಂಡತಿ ಬಾಗಿಲಲ್ಲೇ ನಿಂತು, ಇಬ್ಬರ ಕೋಟನ್ನೂ ಬಿಚ್ಚಿಸಿ ತೂಗುಹಾಕಿ, “ಬನ್ನಿ ಅಕ್ಕಾ, ನಿಮ್ಮ ರೂಮು ತೋರಿಸ್ತೀನಿ,” ಎಂದು ಮೇಷ್ಟ್ರ ಹೆಂಡತಿಯನ್ನು ಮಹಡಿಗೆ ಕರೆದೊಯ್ದಳು. ಗೆಳೆಯ ಯಾವ ಮಂಚದ ಮೇಲಿದ್ದಾನೆಂದು ಹುಡುಕುತ್ತ ಮೇಷ್ಟ್ರು ಒಳಗೆ ನಡೆದರು.

ದಿಂಬು ಅಡುಗೆಮನೆಯಲ್ಲಿದ್ದ. ಮೈಮೇಲೆ ಹೂವಿನ ಚಿತ್ರದ ಏಪ್ರನ್. ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. ಅವನು ಗಾಜಿನ ಲೋಟಗಳನ್ನು ಒಂದೊಂದಾಗಿ ಒರೆಸಿ, ದೀಪಕ್ಕೆ ಹಿಡಿದು, ಕಲೆ ಇದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

“ಇದೇನೋ ಇದು ಅವತಾರ?” ಎಂದರು ಮೇಷ್ಟ್ರು.

“ಬಂದ್ಯಾ! ಬಾ, ಬಾ. ನನ್ನವಳದು ಬೇಕರಿ ಕೆಲಸ. ಬೆಳಗಿನ ಜಾವಕ್ಕೇ ಹೋಗ್ಬೇಕು. ಮನೆ ಎಲ್ಲ ನಾನೇ ನೋಡ್ಕೋತೀನಿ,” ಎಂದ ದಿಂಬು, ಸಂಕೋಚದ ಲವಲೇಶವೂ ಇಲ್ಲದೆ. “ಮೊದಮೊದಲು ಕಷ್ಟ ಆಯ್ತು. ಈಗ ಒಂದು ಲೋಟ ಮಸುಕಾಗಿದ್ರೂ ನಂಗೆ ನಿದ್ದೆ ಬರಲ್ಲ ಕಣೋ!”

ಮೇಷ್ಟ್ರ ಕಣ್ಣ ಮುಂದೆ ತಮ್ಮ ಗೃಹಸ್ಥಾಶ್ರಮದ ಅಡಿಪಾಯ ಕುಸಿಯಿತು. ಗೆಳೆಯನ ಎರಡೂ ಕೈ ಹಿಡಿದುಕೊಂಡರು. ಇದ್ದದ್ದನ್ನು ಇದ್ದಂತೆ ಹೇಳಿಕೊಂಡರು. “ಎರಡೇ ದಿನ ಕಣೋ. ಎರಡು ದಿನ ಮೊದಲಿನ ದಿಂಬಾಗಿರು. ನನ್ನ ಮರ್ಯಾದೆ ಉಳಿಸು.”

“ಅಲ್ವೋ, ನಾನು ಸುಮ್ನೆ ಕೂತ್ರೆ ನನ್ನವಳು ಆಂಬುಲೆನ್ಸಿಗೆ ಫೋನ್ ಮಾಡ್ತಾಳೆ!”

“ಬೆನ್ನು ಹಿಡ್ಕೊಂಡಿದೆ ಅನ್ನು. ಬೆನ್ನುನೋವನ್ನ ಯಾರೂ ಬಗೆದು ನೋಡೋಕಾಗಲ್ಲ.”

ದಿಂಬು ಲೋಟವನ್ನೊಮ್ಮೆ, ಗೆಳೆಯನನ್ನೊಮ್ಮೆ ನೋಡಿದ. ಒಂದು ಕಾಲದಲ್ಲಿ ತನ್ನ ಚೀಲ ಹೊತ್ತವನು. ಕೊನೆಗೆ ಏಪ್ರನ್ ಬಿಚ್ಚಿ, ಹಾಲಿಗೆ ಹೋಗಿ, ಸೋಫಾದ ಮೇಲೆ ಉದ್ದಕ್ಕೂ ಒರಗಿದ. ಹಳೆಯ ವಿದ್ಯೆ ಮರೆತಿರಲಿಲ್ಲ. ಒರಗಿದ ಗಳಿಗೆಯಲ್ಲೇ ಮುಖದ ಮೇಲೆ ಶಾಲೆಯ ದಿನಗಳ ಕಳೆ ಬಂತು.

ಆ ಸಂಜೆ ಮೇಷ್ಟ್ರಿಗೆ ಹಬ್ಬ. ದಿಂಬು ಕೂತಲ್ಲಿಂದಲೇ ನೀರು ಕೇಳಿದ, ಕಾಲಿಗೆ ಕಂಬಳಿ ಕೇಳಿದ, ಸೂಪಿಗೆ ಉಪ್ಪು ಕೇಳಿದ. ಬೆನ್ನು ಹಿಡಿದಿದೆ ಎಂದು ಅವನು ಕಿವಿಯಲ್ಲಿ ಉಸುರಿದ್ದನ್ನು ನಂಬಿ ಅವನ ಹೆಂಡತಿ ಓಡಾಡಿದಳು. ಪ್ರತಿ ಸಲವೂ ಮೇಷ್ಟ್ರು ತಮ್ಮ ಹೆಂಡತಿಯ ಕಡೆ ‘ನೋಡಿದ್ಯಾ?’ ಎಂಬಂತೆ ಹುಬ್ಬು ಏರಿಸಿದರು. ಮಲಗುವ ಮುನ್ನ ಅವಳು ಅವರ ಕೈ ಹಿಡಿದು, “ನೀವು ದೇವರಂಥೋರು ಕಣ್ರೀ. ನಾನೇ ಸುಮ್ನೆ ಗೊಣಗ್ತಿದ್ದೆ,” ಎಂದಳು. ಮೇಷ್ಟ್ರು ಎರಡು ರಗ್ಗಿನ ಅಡಿಯಲ್ಲಿ ದೇವರಂತೆಯೇ ಮಲಗಿದರು.

ಬೆಳಿಗ್ಗೆ ಎಚ್ಚರವಾದದ್ದು ಹೆಂಡತಿ ರಗ್ಗು ಎಳೆದಾಗ. ಅವಳ ಕೈಯಲ್ಲಿ ಒಂದು ಉದ್ದನೆಯ ಸಲಿಕೆ ಇತ್ತು.

“ಏಳಿ ರೀ. ಪಾಪ, ಅಣ್ಣನಿಗೆ ಬೆನ್ನು ಹಿಡ್ಕೊಂಡಿದೆಯಂತೆ. ಅವರ ಮನೆಯೋರು ಕೆಲಸಕ್ಕೆ ಹೊರಡೋವಾಗ ಹೇಳಿದ್ರು. ಬಾಗಿಲ ಮುಂದೆ ಮೊಣಕಾಲುದ್ದ ಹಿಮ ಬಿದ್ದಿದೆ. ದಾರಿ ಬಿಡಿಸದಿದ್ರೆ ಬೀದಿಯೋರು ಬೈತಾರಂತೆ.”

“ನಾ... ನಾನಾ?”

“ಮತ್ತೆ? ಇರೋದು ಒಂದೇ ನೆಟ್ಟಗಿರೋ ಬೆನ್ನು. ಅದು ನಿಮ್ಮದು.”

ಬೆನ್ನುನೋವು ಸುಳ್ಳೆಂದರೆ ಸೋಮಾರಿತನವೂ ಸುಳ್ಳೆನ್ನಬೇಕು. ಸೋಮಾರಿತನ ಸುಳ್ಳೆಂದರೆ... ಮೇಷ್ಟ್ರು ಬಾಯಿ ಮುಚ್ಚಿಕೊಂಡು ಸಲಿಕೆ ಹಿಡಿದರು. ಬಿಸಿತುಪ್ಪ ಉಗುಳುವಂತಿಲ್ಲ, ನುಂಗುವಂತಿಲ್ಲ. ಅದು ತುಪ್ಪವೂ ಅಲ್ಲ, ಬಿಸಿಯೂ ಅಲ್ಲ, ಮಣಗಟ್ಟಲೆ ಹಿಮ ಎಂಬುದೊಂದೇ ವ್ಯತ್ಯಾಸ.

ದೂರದಿಂದ ಹಿಮ ಹತ್ತಿಯಂತೆ ಕಾಣುತ್ತದೆ. ಎತ್ತಿ ನೋಡಿದರೆ ಒದ್ದೆ ಸಿಮೆಂಟು. ಮೇಷ್ಟ್ರು ಒಂದು ಸಲಿಕೆ ಎತ್ತಿ ಹಾಕಿ ಏದುಸಿರು ಬಿಡುವಷ್ಟರಲ್ಲಿ ಕಿಟಕಿಯ ಸಂದು ತೆರೆಯಿತು. ಒಳಗಿನಿಂದ ಕಂಬಳಿ ಹೊದ್ದ ದಿಂಬಿನ ದನಿ ಬಂತು: “ಸೊಂಟ ಬಗ್ಗಿಸ್ಬೇಡ್ವೋ, ಮಂಡಿ ಬಗ್ಗಿಸು! ಎಡಕ್ಕೆ ಹಾಕು, ಎಡಕ್ಕೆ! ನಿಧಾನ, ನಿಧಾನ!”

ಕಾರು ಕಲಿಯಲು ಬಂದವರು ತಮ್ಮನ್ನು ಅಷ್ಟೊಂದು ಕೆಕ್ಕರಿಸಿ ನೋಡುತ್ತಿದ್ದುದು ಏಕೆಂದು ಮೇಷ್ಟ್ರಿಗೆ ಮೊದಲ ಬಾರಿಗೆ ಅರ್ಥವಾಯಿತು.

ಹಿಮದ ನಂತರ ಕಸದ ಡಬ್ಬಿ. ಕಸದ ನಂತರ ಪಾತ್ರೆ. ಪಾತ್ರೆಯ ನಂತರ ಸ್ನಾನದ ಮನೆ. “ಅಣ್ಣ ಎದ್ರೆ ನೋವು ಜಾಸ್ತಿ ಆಗುತ್ತೆ ರೀ,” ಎಂದು ಹೆಂಡತಿ ಒಂದೊಂದಾಗಿ ಕೆಲಸ ಒಪ್ಪಿಸುತ್ತ ಹೋದಳು. ನಡುನಡುವೆ ಸೋಫಾದ ಹತ್ತಿರ ಹೋಗಿ ಅಂಗಡಿಯ ಠೀವಿಯಲ್ಲಿ ವಿಚಾರಿಸಿದಳು:

“ಎಲ್ಲಿ ನೋವು ಅಣ್ಣಾ?”

“ಇಲ್ಲಿ, ಎಡಗಡೆ.”

“ಆಗ ಬಲಗಡೆ ಅಂದ್ರಲ್ಲ?”

“ಅದು... ಓಡಾಡ್ತಾ ಇದೆ ಅಕ್ಕ.”

“ನೋವಾದ್ರೂ ಓಡಾಡ್ತಿದೆಯಲ್ಲ, ಬಿಡಿ,” ಎಂದು ಅವಳು ಘಾಟು ಮುಲಾಮಿನ ಡಬ್ಬಿಯನ್ನು ಅವನ ಕೈಗಿತ್ತಳು. ದಿಂಬು ಅದನ್ನು ಬಳಿದುಕೊಂಡು ಕಣ್ಣಲ್ಲಿ ನೀರು ಸುರಿಸಿದ. ಸೋಪುನೊರೆಯಲ್ಲಿ ಮುಳುಗಿದ್ದ ಮೇಷ್ಟ್ರಿಗೆ ಆ ದಿನ ಸಿಕ್ಕ ಸಂತೋಷ ಅದೊಂದೇ.

ಮಧ್ಯಾಹ್ನ ಬ್ರೆಡ್ಡಿನ ಪೊಟ್ಟಣ ಹಿಡಿದು ಬೇಕರಿಯಿಂದ ಬಂದ ದಿಂಬಿನ ಹೆಂಡತಿ, ಹೊಳೆಯುವ ಸ್ನಾನದ ಮನೆ ನೋಡಿ ಬೆರಗಾದಳು. “ಅಣ್ಣಾ, ನೀವು ಚಿನ್ನದಂಥವರು!” ಮೇಷ್ಟ್ರು ನಗಲು ನೋಡಿದರು. ಚಳಿಗೆ ಮುಖ ಸೆಟೆದಿದ್ದರಿಂದ ತುಟಿ ಅಲ್ಲಾಡಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ, ಬಿಡಿಸಿದ ದಾರಿಯ ಮೇಲೆ ಮತ್ತೆ ಅಷ್ಟೇ ಹಿಮ. ಮೇಷ್ಟ್ರು ಸೋಫಾದ ಬಳಿ ಬಗ್ಗಿ, ಹಲ್ಲು ಕಚ್ಚಿ, “ಸಾಕು, ಎದ್ದೇಳೋ ಪಾಪಿ. ಬೆನ್ನು ವಾಸಿಯಾಯ್ತು ಅನ್ನು,” ಎಂದರು.

ದಿಂಬು ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡ. ಅವನಿಗೆ ಹಳೆಯ ರುಚಿ ಹತ್ತಿಬಿಟ್ಟಿತ್ತು. “ನಾನೆದ್ರೆ ನಿನ್ನ ಮರ್ಯಾದೆ ಬೀಳುತ್ತೆ ಕಣೋ. ಗೆಳೆಯನಿಗೋಸ್ಕರ ಇಷ್ಟಾದ್ರೂ ಮಾಡದಿದ್ರೆ ಹೇಗೆ? ಹೋಗೋವಾಗ ಒಂದು ಲೋಟ ಚಹಾ ಕೊಟ್ಟು ಹೋಗು.”

ಸಂಗತಿ ಹೀಗೇ ಉಳಿದಿದ್ದರೆ ಮೇಷ್ಟ್ರು ಮೈ ನೋಯಿಸಿಕೊಂಡರೂ ಮಾನ ಉಳಿಸಿಕೊಂಡು ಊರು ಸೇರುತ್ತಿದ್ದರೇನೋ. ಕೆಡಿಸಿದ್ದು ಲೋಟ.

ಊಟವಾದ ಮೇಲೆ ಹೆಂಗಸರಿಬ್ಬರೂ ಹೀಟರಿನ ಪಕ್ಕ ಕುಳಿತು ಹರಟುತ್ತಿದ್ದರು. ಹಾಲಿಗೆ ಅಂಟಿಕೊಂಡ ಅಡುಗೆಮನೆಯಲ್ಲಿ ಮೇಷ್ಟ್ರು ದಿಂಬಿನ ಆ ಪ್ರಾಣಪ್ರಿಯ ಲೋಟಗಳನ್ನು ತೊಳೆಯುತ್ತಿದ್ದರು. ಕೈಗೆ ಸಿಕ್ಕಿದ್ದು ತಳ ಹಿಡಿದ ಪಾತ್ರೆ ಕೆರೆಯುವ ಒರಟು ನಾರು. ಗಾಜಿನ ಮೇಲೆ ಅದು ಕರ್‌ರ್ ಎಂದಿತು.

ಸೋಫಾದಲ್ಲಿ ದಿಂಬಿನ ಕಾಲಿನ ಹೆಬ್ಬೆರಳು ಸೆಟೆಯಿತು. “ಅದರಲ್ಲಲ್ಲ ಕಣೋ... ಮೆತ್ತಗಿರೋದರಲ್ಲಿ,” ಎಂದ ಸಣ್ಣಗೆ.

ನಲ್ಲಿಯ ಸದ್ದಿನಲ್ಲಿ ಮೇಷ್ಟ್ರಿಗೆ ಕೇಳಿಸಲಿಲ್ಲ. ಎರಡನೆಯ ಲೋಟ. ಕರ್‌ರ್.

ದಿಂಬು ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡ. ಮೂರನೆಯದನ್ನು ಮೇಷ್ಟ್ರು ಕೈಗೆತ್ತಿಕೊಂಡದ್ದೇ ತಡ, ಅವನು ಸೋಫಾದ ಬೆನ್ನನ್ನು ಒಂದೇ ನೆಗೆತಕ್ಕೆ ದಾಟಿ ಅಡುಗೆಮನೆಯಲ್ಲಿದ್ದ! “ಬಿಡೋ ಕಟುಕಾ!” ಎಂದು ಲೋಟ ಕಿತ್ತುಕೊಂಡ. ನಾರು ಕೆಳಗೆ ಬಿತ್ತು. ಕೂಡಲೇ ಎರಡಾಗಿ ಬಗ್ಗಿ, ಹಣೆ ಮಂಡಿಗೆ ತಾಗುವಂತೆ, ಅದನ್ನು ಹೆಕ್ಕಿಕೊಂಡು ಮೇಲೆದ್ದ. ಎದ್ದು ನೋಡಿದರೆ ಇಬ್ಬರು ಹೆಂಗಸರೂ ಅವನನ್ನೇ ನೋಡುತ್ತಿದ್ದರು.

“ರೀ,” ಎಂದಳು ಅವನ ಹೆಂಡತಿ ಮೆಲ್ಲಗೆ, “ಬೆನ್ನು?”

ದಿಂಬು ಒಳ್ಳೆಯವನು, ಆದರೆ ಹೆಂಡತಿ ಮೆಲ್ಲಗೆ ಕೇಳಿದರೆ ತಡೆದುಕೊಳ್ಳುವ ಗುಂಡಿಗೆ ಅವನದಲ್ಲ. ಒಂದೇ ಉಸಿರಿಗೆ ಎಲ್ಲ ಒದರಿದ: ತಟ್ಟೆಯ ಕಥೆ, ಮರ್ಯಾದೆಯ ಕಥೆ, ಬೆನ್ನು ಯಾರ ಸಲಹೆ ಎಂಬ ಕಥೆ. ಮೇಷ್ಟ್ರು ಇಂಗು ತಿಂದ ಮಂಗನಂತೆ ನಿಂತರು. ಮೊಣಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು.

ಮೇಷ್ಟ್ರ ಹೆಂಡತಿ ಎದ್ದು ಬಂದು ನಲ್ಲಿ ನಿಲ್ಲಿಸಿದಳು. “ನಂಗೆ ನಿನ್ನೆ ಬೆಳಿಗ್ಗೆನೇ ಗೊತ್ತಾಯ್ತು,” ಎಂದಳು. “‘ಯಾವತ್ತೂ ಮನೆ ಎಲ್ಲ ಅವರೇ ಮಾಡೋದು ಅಕ್ಕಾ, ಇವತ್ತೇ ಹೀಗೆ ಮಲಗಿರೋದು’ ಅಂತ ಇವರು ಕಣ್ಣೀರು ಹಾಕ್ಕೊಂಡ್ರು. ಬೆನ್ನುನೋವಿನೋರನ್ನ ದಿನಾ ನೋಡ್ತೀನಿ ನಾನು. ಎಡದಿಂದ ಬಲಕ್ಕೆ ವಲಸೆ ಹೋಗೋ ನೋವನ್ನ ಇಲ್ಲೇ ನೋಡಿದ್ದು.”

“ಗೊತ್ತಿದ್ದೂ ನನ್ನ ಕೈಲಿ ಹಿಮ ಎತ್ತಿಸಿದ್ಯಾ?”

“ನೀವು ಅಷ್ಟು ಚೆನ್ನಾಗಿ ಎತ್ತುತ್ತಿದ್ರಿ, ಮಧ್ಯದಲ್ಲಿ ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ.” ಅವಳು ಮೆತ್ತನೆಯ ನಾರನ್ನು ಅವರ ಕೈಗಿಟ್ಟಳು. “ಇನ್ನೂ ಎರಡು ಲೋಟ ಇವೆ.”

ದಿಂಬಿನ ಹೆಂಡತಿ ನಗು ತಡೆಯಲಾರದೆ ಹೀಟರಿನ ಪಕ್ಕ ಕುಸಿದು ಕುಳಿತಳು. (ನಕ್ಕು ಮುಗಿದ ಮೇಲೆ ಗಂಡನನ್ನು ಕರೆದು, ಮಾರನೆಯ ದಿನದಿಂದ ಒಂದು ವಾರ ತನಗೆ ಸೋಫಾ, ಅವನಿಗೆ ಉಳಿದ ಮನೆಯೆಲ್ಲ ಎಂದು ತೀರ್ಪಿತ್ತಳು.)

ಹೆಂಡತಿ ದಾರಿಯಲ್ಲಿ ಚಳಿ ಬಿಡಿಸುತ್ತಾಳೆಂದು ಮೇಷ್ಟ್ರು ಕಾದರು. ವಿಮಾನದಲ್ಲಿ ಅವಳು ಅವರ ಭುಜಕ್ಕೊರಗಿ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಮನೆಗೆ ಬಂದ ಮೇಲೂ ಒಂದು ಮಾತಿಲ್ಲ. ಊಟವಾದ ಮೇಲೆ ಸುಮ್ಮನೆ ಅವರ ತಟ್ಟೆಯನ್ನು ನೋಡಿದಳು, ತಟ್ಟೆ ಎದ್ದಿತು. ಈ ಸದ್ದಿಲ್ಲದ ದಬ್ಬಾಳಿಕೆಗಿಂತ ಬೈಗುಳವೇ ವಾಸಿಯಿತ್ತು.

ಲೋಕದಲ್ಲಿ ತಮ್ಮ ಕಷ್ಟಕ್ಕೆ ಮರುಗುವ ಜೀವ ಒಂದೇ ಒಂದು ಉಳಿದಿದೆ ಎಂದು ಮೇಷ್ಟ್ರಿಗೆ ಹೊಳೆದದ್ದು ಆಗ. ತಮ್ಮ ಸ್ವಂತ ಅಣ್ಣನ ಮನೆಯಲ್ಲಿದ್ದ ಅಮ್ಮ! ಕರವಸ್ತ್ರವನ್ನೂ ಮಗ ಒಗೆಯಬಾರದೆಂದು ಸಾಕಿದವಳು. ಹೆಂಡತಿ ಅಂಗಡಿಗೆ ಹೊರಟದ್ದೇ ಬಾಗಿಲು ಹಾಕಿಕೊಂಡು ಫೋನು ಮಾಡಿದರು.

“ಅಮ್ಮಾ, ನಿನ್ನ ಮಗನ ಗತಿ ಕೇಳು. ಹಿಮ ಎತ್ತಿದೆ ಅಮ್ಮಾ. ಕಸ ಹೊತ್ತೆ. ಪಾತ್ರೆ ತೊಳೆದೆ. ಸ್ನಾನದ ಮನೆ ಉಜ್ಜಿದೆ!”

ಆ ಕಡೆ ಅಮ್ಮ ಮೂಗು ಸೇದಿದ್ದು ಕೇಳಿಸಿತು. ಅಮ್ಮನಿಗೆ ದುಃಖ ಉಕ್ಕುತ್ತಿದೆ ಎಂದು ಮೇಷ್ಟ್ರ ಕಣ್ಣೂ ಒದ್ದೆಯಾಯಿತು.

“ಗೋಡೇನೂ ಉಜ್ಜಿದ್ಯಾ ಮಗಾ?”

“ಗೋಡೇನೂ ಉಜ್ಜಿದೆ ಅಮ್ಮಾ!”

“ಅಯ್ಯೋ ನನ್ನ ಬಂಗಾರ! ಅಷ್ಟೆಲ್ಲ ಬರುತ್ತಾ ನಿಂಗೆ? ಇಷ್ಟು ದಿನ ಒಂದು ಮಾತು ಹೇಳ್ಬಾರ್ದಾಗಿತ್ತಾ! ಈ ಮನೆ ಅಟ್ಟ ನೋಡಿದ್ರೆ ನಂಗೆ ಅಳು ಬರುತ್ತೆ. ನಿಮ್ಮಣ್ಣನಿಗೆ ಹೇಳಿ ಹೇಳಿ ಬಾಯಿ ನೋವು ಬಂತು. ಭಾನುವಾರ ಬೆಳಿಗ್ಗೆ ಬೇಗ ಬಂದ್ಬಿಡು. ಹಾಂ, ಸೊಸೇನ ಎಬ್ಬಿಸ್ಬೇಡ. ದಿನಾ ನಿಂತು ನಿಂತು ಸಾಕಾಗಿರುತ್ತೆ, ಮಲ್ಕೊಂಡಿರ್ಲಿ.”