ನನ್ನ ಹೆಸರಿನ ಸೋರೆಕಾಯಿ

ಈ ಸಲ ಮಗಳು ಶ್ರೇಯಾಳ ಶಾಲೆಯ ಮಕ್ಕಳ ಬಾಯಲ್ಲೆಲ್ಲ ನನ್ನ ಹೆಸರೇ ಬರಬೇಕೆಂದು ಭೀಷ್ಮ ಪ್ರತಿಜ್ಞೆ ಮಾಡಿದ್ದೆ! ಕಾಯಿಪಲ್ಲೆ ಅಂಗಡಿಯಲ್ಲಿ ಹುಟ್ಟುವುದಿಲ್ಲವೆಂದು ಮಕ್ಕಳಿಗೆ ತಿಳಿಯಲಿ ಎಂದು ಧರಮಪೇಠದ ಆ ಶಾಲೆಯವರು ಪಾಲಕರು ಬೆಳೆದದ್ದನ್ನು ಮಧ್ಯಾಹ್ನದ ಊಟಕ್ಕೆ ಬೇಯಿಸುತ್ತಾರೆ. ನಾಗಪುರದ ಬಿಸಿಲಲ್ಲಿ ತಾರಸಿಯ ಮೇಲೆ ಸೋರೆಬಳ್ಳಿ ಹಬ್ಬಿಸಿದ ನನಗಿಂತ ದೊಡ್ಡ ರೈತ ಯಾರಿದ್ದಾರೆ?

ತುದಿ ಕೊಯ್ದು ರುಚಿ ನೋಡಿ ಕೊಡುತ್ತೇನೆಂದು ಹೆಂಡತಿ ವಸುಧಾ ಈಳಿಗೆ ಎಳೆದಳು. ನಾನು ಬಿಡಲಿಲ್ಲ. ಮೊದಲ ಕಾಯಿಯೆಂದರೆ ನೈವೇದ್ಯ ಇದ್ದ ಹಾಗೆ. ಮಕ್ಕಳು ಉಣ್ಣುವ ಮೊದಲೇ ಎಂಜಲು ಮಾಡುವುದೇ? ಅರಿಸಿನ ಕುಂಕುಮ ಹಚ್ಚಿ, ಇಡಿಯಾಗಿ ಶ್ರೇಯಾಳ ಕೈಗೆ ಕೊಟ್ಟು ಸದರ್ ಬಡಾವಣೆಯ ಬ್ಯಾಂಕಿಗೆ ಕೆಲಸಕ್ಕೆ ಹೊರಟೆ.

ಮಧ್ಯಾಹ್ನ ವಸುಧಾಳ ಫೋನು ಬಂತು.

“ರೀ, ಅದೇ ಬಳ್ಳಿದು ಇನ್ನೊಂದು ಕಾಯಿ ಪಲ್ಯಕ್ಕ ಹೆಚ್ಚಿದೆ. ತುದಿ ನಾಲಿಗಿಗೆ ಹಚ್ಚಿದ್ರ ವಿಷದಂಥ ಕಹಿ. ಇಂಥಾದ್ದು ತಿಂದು ಮಂದಿ ದವಾಖಾನಿ ಸೇರ್ಯಾರ್ರಿ. ಜಲ್ದಿ ಸಾಲಿಗೆ ಹೋಗ್ರಿ.”

ಕೂಡಲೇ ಶಾಲೆಗೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಸ್ಕೂಟರ್ ಹತ್ತಿದರೆ ಒಂದೊಂದು ಸಿಗ್ನಲ್ಲೂ ನನ್ನನ್ನು ನೋಡಿಯೇ ಕೆಂಪಾಯಿತು! ಹೊಟ್ಟೆ ಹಿಡಿದುಕೊಂಡು ಸಾಲಾಗಿ ಮಲಗಿದ ಮಕ್ಕಳೇ ಕಣ್ಣ ಮುಂದೆ, ಸಾಲಿನ ಮೊದಲಿಗೆ ನನ್ನ ಶ್ರೇಯಾ. ನನ್ನ ಜಂಬಕ್ಕೆ ಕೂಸಿಗೆ ಏನೂ ಆಗದಿರಲೆಂದು ದಾರಿಯ ಗಣಪತಿಗೆ, ಮಾರುತಿಗೆ, ಚರ್ಚಿಗೂ ಕೈ ಮುಗಿದೆ.

ಊಟದ ಕೋಣೆಯಲ್ಲಿ ಮಕ್ಕಳ ಕೈಯೆಲ್ಲ ಬಾಯಿಯ ಹತ್ತಿರವಿತ್ತು. “ಥಾಂಬಾ!” ಎಂದು ಮರಾಠಿಯಲ್ಲಿ ಕಿರುಚಿದೆ. ಎಲ್ಲರೂ ಕೈ ನಿಲ್ಲಿಸಿ ಬೊಂಬೆಗಳಾದರು. ನಾನು ಓಡಿಹೋಗಿ ಶ್ರೇಯಾಳ ಬಾಯಿಗೆ ಬೆರಳು ಹಾಕಿ ತುತ್ತು ಕಿತ್ತೆ.

“ಪಪ್ಪಾ, ಏನ್ ಮಾಡಾಕತ್ತಿ? ಇದು ಕುಂಬಳಕಾಯಿ ಪಲ್ಯ.”

“ನನ್ನ ಸೋರೆಕಾಯಿ ಎಲ್ಲಿ?”

“ಹೆಚ್ಚೂಕಿಂತ ಮೊದ್ಲ ನಾನೇ ತುದಿ ಕಚ್ಚಿ ನೋಡಿದೆ, ಅಮ್ಮ ಕಲಿಸ್ಯಾಳಲ್ಲ. ಕಹಿ ಇತ್ತು, ಉಗುಳಿದೆ. ಟೀಚರ್‌ಗೆ ಹೇಳಿದೆ, ಅವ್ರು ಬ್ಯಾರೆ ಪಲ್ಯ ಮಾಡಿಸಿದ್ರು.”

ಅಲ್ಲೇ ನೆಲದ ಮೇಲೆ ಕುಸಿದು ಅವಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತೆ. ಆಗ ನಾಚಿಕೆಯೇ ಆಗಲಿಲ್ಲ.

ನಾಚಿಕೆ ಆಮೇಲೆ ಬಂತು. ಹೆಡ್‌ಮಿಸ್ಟ್ರೆಸ್ ನನ್ನನ್ನು ಬಾಗಿಲ ಬಳಿಯ ಮೇಜಿಗೆ ಕರೆದುಕೊಂಡು ಹೋದರು. ತುದಿ ಕಳೆದುಕೊಂಡ ನನ್ನ ಸೋರೆಕಾಯಿ ಕುಂಕುಮ ಸಮೇತ ಅಲ್ಲಿ ವಿರಾಜಮಾನವಾಗಿತ್ತು! ಪಕ್ಕದಲ್ಲಿ ಮರಾಠಿಯ ಫಲಕ: ಇಂಥ ಕಹಿ ಸೋರೆಕಾಯಿಯನ್ನು ಯಾರೂ ತಿನ್ನಬಾರದು. ಬೆಳೆದವರು, ಶ್ರೇಯಾಳ ತಂದೆ ಗಿರಿಧರ.

ಊಟ ಮುಗಿಸಿದ ಒಂದೊಂದು ತರಗತಿಯೂ ಸಾಲಾಗಿ ಬಂದು ಅದನ್ನು ಗಟ್ಟಿಯಾಗಿ ಓದಿ ಹೋಯಿತು. ಮಕ್ಕಳ ಬಾಯಲ್ಲೆಲ್ಲ ನನ್ನ ಹೆಸರೇ!